ಹಳಗನ್ನಡ ಪಾಠಕ್ಕೆ ಚಿತ್ರಕಥೆ ಹಿಡಿದು ಹೋಗಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಪಂಪ, ರನ್ನ, ಲಕ್ಷ್ಮೀಶ ಅಂದ ಕೂಡಲೇ ಹಿಂದಿನ ಬೆಂಚು ಆಕಳಿಸುವುದನ್ನು ವರ್ಷಗಟ್ಟಲೆ ನೋಡಿ ನೋಡಿ ಸಾಕಾಗಿ, ಒಂದು ದಿನ ಚಿತ್ರಕಥೆ ಹಿಡಿದು ಕ್ಲಾಸಿಗೆ ಹೋದೆ. ಮೊದಲ ಸಲ ಕೆಟ್ಟಿತು. ಆಮೇಲೆ ಸುಧಾರಿಸಿತು. ಅಂದಿನಿಂದ ಸ್ಟಾಫ್ ರೂಮಿನಲ್ಲಿ, ತರಬೇತಿಗಳಲ್ಲಿ, ಮಕ್ಕಳ ಅಪ್ಪ ಅಮ್ಮಂದಿರಿಂದ ಅವೇ ಪ್ರಶ್ನೆಗಳು ಬರುತ್ತಿವೆ. ಉತ್ತರಗಳನ್ನೆಲ್ಲ ಒಂದು ಕಡೆ ಬರೆದಿಟ್ಟರೆ ನನಗೂ ಬಾಯಿ ನೋವು ತಪ್ಪುತ್ತದೆ.

ಚಿತ್ರಕಥೆ ಅಂದರೆ ಕಾಮಿಕ್ಸಾ?

ಕಾಮಿಕ್ಸೂ ಹೌದು. ಅಂಗಡಿಯಲ್ಲಿ ಸಿಗುವ ಬಣ್ಣದ ಪುಸ್ತಕ ಒಂದು ಬಗೆ. ಗುಡಿಯ ಗೋಡೆಯ ಶಿಲ್ಪ ಇನ್ನೊಂದು. ಮಕ್ಕಳೇ ಎ4 ಹಾಳೆಯಲ್ಲಿ ಚೌಕ ಹಾಕಿಕೊಂಡು ಬರೆಯುವುದು ಮೂರನೆಯದು. ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಮೂರನೆಯದೇ. ಅದರಲ್ಲಿ ಸೊಟ್ಟ ಕುದುರೆ, ಬೆಂಕಿಕಡ್ಡಿ ಕೈಕಾಲು ಎಲ್ಲ ಇರುತ್ತವೆ, ಇರಲಿ.

ಚಿತ್ರ ತೋರಿಸಿದರೆ ಮಕ್ಕಳು ಪದ್ಯ ಓದುವುದನ್ನೇ ಬಿಡುವುದಿಲ್ವಾ?

ಬಿಡುತ್ತಾರೆ. ನಾನೇ ಬಿಡಿಸಿದ್ದೇನೆ.

ಮೊದಲ ವರ್ಷ, ರಾಮನ ಯಜ್ಞದ ಕುದುರೆಯನ್ನು ಲವ ಕಟ್ಟಿಹಾಕುವ ಲಕ್ಷ್ಮೀಶನ ‘ವೀರಲವ’ ಪಾಠಕ್ಕೆ ಮುಂಚೆ ಲವಕುಶರ ಒಂದು ಚಿತ್ರಪುಸ್ತಕ ಕ್ಲಾಸಿಡೀ ಸುತ್ತಾಡಿಸಿದೆ. ಎಲ್ಲರೂ ಕಣ್ಣರಳಿಸಿ ನೋಡಿದರು, ನನಗೂ ಖುಷಿಯೋ ಖುಷಿ. ಆಮೇಲೆ ಪರೀಕ್ಷೆ ಪೇಪರ್ ತಿದ್ದಲು ಕೂತರೆ ಅರ್ಧಕ್ಕರ್ಧ ಮಕ್ಕಳು ಕುದುರೆಯನ್ನು ಮರಕ್ಕೆ ಹಗ್ಗದಲ್ಲಿ ಕಟ್ಟಿದ್ದಾರೆ. ಲಕ್ಷ್ಮೀಶನಲ್ಲಿ ಹಗ್ಗ ಇಲ್ಲ. ಅಲ್ಲಿ ಹುಡುಗ ತನ್ನ ಹೊದ್ದ ಬಟ್ಟೆಯನ್ನೇ ತೆಗೆದು ಕುದುರೆಯ ಕೊರಳಿಗೆ ಬಿಗಿದು ಬಾಳೆಗಿಡಕ್ಕೆ ಕಟ್ಟುತ್ತಾನೆ. ಆ ಬಟ್ಟೆ, ಆ ಬಾಳೆಗಿಡ, ಇವೇ ತಾನೆ ಪದ್ಯ? ಮಕ್ಕಳ ತಪ್ಪಲ್ಲ, ನಾನು ಕೊಟ್ಟಿದ್ದು ಕಥೆ, ಕೇಳಿದ್ದು ಪದ್ಯ.

ಅವತ್ತಿನಿಂದ ಕ್ರಮ ತಿರುಗಿಸಿದೆ. ಮೊದಲು ಪದ್ಯದ ಸಾಲು. ಆಮೇಲೆ ಆ ಸಾಲಿನಲ್ಲಿ ಇರುವುದನ್ನಷ್ಟೇ ಬರೆಯುವುದು. ಅಚ್ಚಾದ ಚಿತ್ರಕಥೆ ಏನಿದ್ದರೂ ಕೊನೆಗೆ, ಹೋಲಿಸಿ ನೋಡಲು.

ಸರಿ, ಯಾವ ಪಾಠದಿಂದ ಶುರು ಮಾಡಲಿ?

ಕಣ್ಣು ಮುಚ್ಚಿಕೊಂಡು ‘ವೀರಲವ’ದಿಂದ. ಹತ್ತನೇ ತರಗತಿ ಪುಸ್ತಕದಲ್ಲಿ ಬರುವ ಈ ಭಾಗ ಲಕ್ಷ್ಮೀಶನ ಜೈಮಿನಿ ಭಾರತದ್ದು, ವಾರ್ಧಕ ಷಟ್ಪದಿ. ಓದುವಾಗ ನಾಲಿಗೆ ತೊಡರುತ್ತದೆ, ಆದರೆ ಚೌಕ ಹಾಕಲು ಇಷ್ಟು ಹದವಾದ ಪದ್ಯ ಇನ್ನೊಂದು ನನಗೆ ಸಿಕ್ಕಿಲ್ಲ. ಕುದುರೆ ಕಟ್ಟುವ ಪದ್ಯ ಒಂದನ್ನೇ ತೆಗೆದುಕೊಳ್ಳಿ:

ತೆಗೆದುತ್ತರೀಯಮಂ ಮುರಿದು ಕುದುರೆಯ ಗಳಕೆ
ಬಿಗಿದು ಕದಳೀದ್ರುಮಕೆ ಕಟ್ಟುವೊಡೆ ಮುನಿಸುತರ್
ಮಿಗೆ ನಡುಗಿ ಬೇಡಬೇಡರಸುಗಳ ವಾಜಿಯಂ ಬಿಡು ಬಡಿವರೆಮ್ಮನೆನಲು

ತೆಗೆದು, ಮುರಿದು, ಬಿಗಿದು, ಕಟ್ಟುವಾಗ. ಎಣಿಸಿದರೆ ನಾಲ್ಕು ಕೆಲಸ, ನಾಲ್ಕು ಚೌಕ. ಐದನೆಯದರಲ್ಲಿ ನಡುಗುವ ಋಷಿಕುಮಾರರು. ಬಲೂನಿನಲ್ಲಿ ಏನು ಬರೆಯಬೇಕು ಅಂತ ಯೋಚಿಸುವುದೂ ಬೇಡ, ‘ಬೇಡಬೇಡ, ಅರಸುಗಳ ಕುದುರೆ ಬಿಡು, ನಮ್ಮನ್ನು ಬಡೀತಾರೆ’ ಅಂತ ಕವಿಯೇ ಬರೆದುಕೊಟ್ಟಿದ್ದಾನೆ.

ಇಲ್ಲಿ ಒಂದು ತಮಾಷೆ ಆಗುತ್ತದೆ, ಪ್ರತಿ ವರ್ಷ ಆಗುತ್ತದೆ. ಎರಡನೇ ಚೌಕಕ್ಕೆ ಬಂದಾಗ ಯಾರಾದರೂ ಪೆನ್ಸಿಲ್ ಕೆಳಗಿಟ್ಟು ಕೇಳುತ್ತಾರೆ: ‘ಮಿಸ್, ಬಟ್ಟೇನ ಮುರಿಯೋದು ಹೇಗೆ?’ ಸುಮ್ನೆ ಅರ್ಥ ಬರೆಸಿಕೊಂಡಿದ್ದರೆ ಯಾರಿಗೂ ಈ ಅನುಮಾನ ಬರುತ್ತಿರಲಿಲ್ಲ. ಚಿತ್ರ ಬರೆಯಲು ಹೊರಟ ಕೈಗೆ ಮಾತ್ರ ಅದು ಗೊತ್ತಾಗಲೇಬೇಕು. ಆಗ ಹೇಳಿ, ಹಳಗನ್ನಡದಲ್ಲಿ ಮುರಿ ಅಂದರೆ ತಿರುಚು ಅಂತಲೂ ಇದೆ. ಹುಡುಗ ಬಟ್ಟೆಯನ್ನು ಹುರಿ ಮಾಡಿಕೊಂಡ. ಒಂದು ಟವೆಲ್ ತಂದು ತಿರುಚಿ ತೋರಿಸಿದರೆ ಆ ಪದ ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನೊಬ್ಬ ಕೇಳಿದ, ಬಾಳೆಗಿಡಕ್ಕೆ ಕುದುರೆ ಕಟ್ಟಿದರೆ ಅದು ಕಿತ್ತುಕೊಂಡು ಹೋಗೋದಿಲ್ವಾ ಅಂತ. ತೋಟದ ಮನೆಯ ಹುಡುಗ, ಅವನಿಗೆ ಗೊತ್ತು. ನಾನು ಉತ್ತರ ಹೇಳಲಿಲ್ಲ. ಕಟ್ಟಿದವನು ಚಿಕ್ಕ ಹುಡುಗ, ಅವನಿಗೆ ಕೈಗೆ ಸಿಕ್ಕಿದ್ದೇ ಗೂಟ ಅಂತ ಒಬ್ಬಳು ಹೇಳಿದಳು. ನನಗೆ ಅದೇ ಸರಿ ಅನ್ನಿಸಿತು.

ಆಮೇಲೆ ಲವ ಬಿಲ್ಲಿಗೆ ಹೆದೆ ಏರಿಸಿ ‘ಜೇಗೈದು’ ನಿಲ್ಲುತ್ತಾನೆ. ಹೆದೆ ಮಿಡಿದ ಸದ್ದು ಅದು. ಕಾಮಿಕ್ಸಿನಲ್ಲಿ ದಪ್ಪಕ್ಷರದಲ್ಲಿ ಢಮಾರ್, ಧಡಾರ್ ಅಂತ ಇರುತ್ತದಲ್ಲ, ಹಾಗೆ ಚೌಕದ ತುಂಬ ‘ಜೇ’ ಅಂತ ಬರೆಯಲು ಬಿಡಿ. ಕೆಲವರು ಅದನ್ನೇ ಕಾಲು ಗಂಟೆ ಬಣ್ಣ ತುಂಬಿದರು.

ಈ ಪಾಠದಲ್ಲಿ ತಪ್ಪಿಸಬಾರದ ಚೌಕ ಯಾವುದು?

ಕುದುರೆಯ ಹಣೆಯ ಪಟ್ಟಿ. ಅದರ ಬರಹ ‘ಉರ್ವಿಯೊಳ್ ಕೌಸಲ್ಯೆ ಪಡೆದ ಕುವರಂ ರಾಮನೋರ್ವನೇ ವೀರನ್’ ಅಂತ ಶುರುವಾಗುತ್ತದೆ. ಲವ ಓದುತ್ತಾನೆ, ರೇಗುತ್ತಾನೆ. ಈ ಗರ್ವ ಬಿಡಿಸದೆ ಇದ್ದರೆ ನನ್ನ ಅಮ್ಮನನ್ನು ಜನ ಬಂಜೆ ಅನ್ನೋದಿಲ್ವಾ ಅನ್ನುತ್ತಾನೆ. ತಾನು ಓದಿದ್ದು ಅಪ್ಪನ ಹೆಸರು, ಅಜ್ಜಿಯ ಹೆಸರು ಅಂತ ಅವನಿಗೆ ಗೊತ್ತಿಲ್ಲ. ನಮಗೆ ಗೊತ್ತು. ಒಂದೇ ಚೌಕದಲ್ಲಿ ಹುಡುಗನ ಮುಖ ಮತ್ತು ಪಟ್ಟಿ ಎರಡೂ ಕಾಣುವ ಹಾಗೆ ಬರೆಯಲು ಹೇಳಿ. ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತದೆ.

ನಲವತ್ತು ನಿಮಿಷದ ಪಿರಿಯಡ್, ಅರವತ್ತು ಮಕ್ಕಳು. ಇದೆಲ್ಲ ಆಗುವ ಮಾತಾ?

ಇಡೀ ಪಾಠಕ್ಕೆ ಆಗುವುದಿಲ್ಲ. ಒಂದು ಪದ್ಯಕ್ಕೆ ಆಗುತ್ತದೆ. ಹಾಳೆಯನ್ನು ಎರಡು ಸಲ ಮಡಚಿದರೆ ನಾಲ್ಕು ಚೌಕ, ಮೂರು ಸಲ ಮಡಚಿದರೆ ಎಂಟು. ಸ್ಕೇಲ್ ಹಿಡಿದು ಗೆರೆ ಎಳೆಯಲು ಬಿಟ್ಟರೆ ಅರ್ಧ ಪಿರಿಯಡ್ ಅಲ್ಲೇ ಹೋಗುತ್ತದೆ, ಮಡಚುವುದೇ ಸಾಕು. ಹತ್ತು ನಿಮಿಷ ಪದ್ಯವನ್ನು ಎರಡು ಸಲ ಜೋರಾಗಿ ಓದುವುದು, ಐದು ನಿಮಿಷ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುವುದು, ಉಳಿದದ್ದು ಬರೆಯುವುದು. ಇಬ್ಬಿಬ್ಬರಿಗೆ ಒಂದು ಹಾಳೆ. ಮುಗಿಯದಿದ್ದರೆ ಮನೆಗೆ.

ಒಂದು ಕಟ್ಟುನಿಟ್ಟು ಇದೆ. ಪ್ರತಿ ಚೌಕದ ಕೆಳಗೆ ಆ ಚೌಕಕ್ಕೆ ಆಧಾರವಾದ ಹಳಗನ್ನಡದ ಪದ ಇರಲೇಬೇಕು. ಬಲೂನಿನ ಒಳಗೆ ಮನೆಯ ಕನ್ನಡ ಇರಲಿ, ಧಾರವಾಡದ್ದೋ ಕುಂದಾಪುರದ್ದೋ ಮಂಡ್ಯದ್ದೋ. ‘ಬ್ಯಾಡಲೇ ಬ್ಯಾಡ, ಬಡೀತಾರ ನಮ್ಮನ್ನ’ ಅಂತ ಒಬ್ಬ ಬರೆದದ್ದು ನನಗೆ ಮೂಲದಷ್ಟೇ ಇಷ್ಟವಾಯಿತು.

ಕುಮಾರವ್ಯಾಸನಿಗೂ ಇದು ಒಗ್ಗುತ್ತದಾ?

ರೂಪಕ ಸಾಮ್ರಾಜ್ಯ ಚಕ್ರವರ್ತಿ ಅಂತ ಅವನನ್ನು ಕರೆಯುವುದು ಸುಮ್ನೆ ಅಲ್ಲ. ‘ಕೌರವೇಂದ್ರನ ಕೊಂದೆ ನೀನು’ ಭಾಗ ನೋಡಿ. ಕೃಷ್ಣ ಕರ್ಣನನ್ನು ಪಾಂಡವರ ಕಡೆಗೆ ಎಳೆಯಲು ನೋಡುವ ಸನ್ನಿವೇಶ. ಮಕ್ಕಳು ಮೊದಲ ಸಲ ಬರೆದಾಗ ಕ್ಯಾಲೆಂಡರಿನಲ್ಲಿರುವ ಹಾಗೆ ಇಬ್ಬರನ್ನೂ ದೂರ ದೂರ ನಿಲ್ಲಿಸುತ್ತಾರೆ, ಕೃಷ್ಣ ಒಂದು ಕೈ ಎತ್ತಿರುತ್ತಾನೆ. ಆಗ ಸಾಲು ಓದಿ. ಕೃಷ್ಣ ಮೈದುನತನದ ಸಲಿಗೆಯಿಂದ ಅವನನ್ನು ರಥದಲ್ಲಿ ‘ಬರಸೆಳೆದು ಕುಳ್ಳಿರಿಸಿದನು’. ಕರ್ಣ ಹಿಂಜರಿಯುತ್ತಾನೆ, ನಿಮ್ಮ ಸಮಕ್ಕೆ ಕೂರಲು ಅಂಜಿಕೆ ಅನ್ನುತ್ತಾನೆ. ಕೃಷ್ಣ ಇನ್ನೂ ಹತ್ತಿರ ಸರಿಯುತ್ತಾನೆ, ‘ತೊಡೆ ಸೋಂಕಿನಲಿ’, ತೊಡೆಗೆ ತೊಡೆ ತಾಗುವಷ್ಟು. ರಬ್ಬರ್ ಹೊರಗೆ ಬರುತ್ತದೆ. ದೂರ ನಿಂತಿದ್ದವರನ್ನೆಲ್ಲ ಅಳಿಸಿ ಒಂದೇ ಪೀಠದಲ್ಲಿ ಕೂರಿಸುತ್ತಾರೆ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತು ಪುಸಲಾಯಿಸುವವರನ್ನು ನೋಡಿದ್ದೀರಲ್ಲ, ಅದೇ ಇದು.

ಅಲ್ಲಿಂದ ಕೃಷ್ಣ ಆಸೆ ತೋರಿಸುತ್ತಾನೆ. ಎಡದಲ್ಲಿ ಕೌರವರ ಗುಂಪು, ಬಲದಲ್ಲಿ ಪಾಂಡವರ ಗುಂಪು, ಎದುರಿಗೆ ಮಾದ್ರ ಮಾಗಧ ಯಾದವರು, ನಡುವೆ ಓಲಗದಲ್ಲಿ ನೀನು. ಎಡ, ಬಲ, ಎದುರು, ನಡು, ಎಲ್ಲವನ್ನೂ ಕವಿ ಹೇಳಿಬಿಟ್ಟಿದ್ದಾನೆ. ಇದಕ್ಕೆ ಹಾಳೆಯ ಅಗಲದ ಒಂದೇ ದೊಡ್ಡ ಚೌಕ ಬೇಕು. ಆಮೇಲೆ ಬರುವುದು ‘ಕೊರಳ ಸೆರೆ ಹಿಗ್ಗಿದವು’. ಕುತ್ತಿಗೆಯ ನರ ಉಬ್ಬಿದ್ದು, ಕಣ್ಣಲ್ಲಿ ನೀರು. ಅಷ್ಟು ದೊಡ್ಡ ಓಲಗದಿಂದ ಸೀದಾ ಒಬ್ಬನ ಕೊರಳಿಗೆ! ಸಿನಿಮಾದವರು ಇದನ್ನು ಕ್ಲೋಸಪ್ ಅನ್ನುತ್ತಾರೆ. ಗದುಗಿನ ನಾರಣಪ್ಪನಿಗೆ, ಅಂದರೆ ನಮ್ಮ ಕುಮಾರವ್ಯಾಸನಿಗೆ, ಕ್ಯಾಮೆರಾ ಇರಲಿಲ್ಲ, ಅಷ್ಟೇ. ಆ ಚೌಕದಲ್ಲಿ ಮುಖ ಪೂರ್ತಿ ಬೇಡ, ಕೊರಳು ಮಾತ್ರ ಬರೆಯಿರಿ ಅಂದರೆ ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ಬರೆಯುತ್ತಾರೆ.

ಅಂಗಡಿಯಲ್ಲಿ ಸಿಗುವ ಚಿತ್ರಕಥೆ ಪುಸ್ತಕಗಳನ್ನು ಬಳಸಬಾರದು ಅಂತೀರಾ?

ಖಂಡಿತ ಬಳಸಿ. ನಾನೂ ಅವನ್ನೇ ಓದಿ ಬೆಳೆದವಳು. ಅಮರ ಚಿತ್ರ ಕಥೆ ಶುರು ಮಾಡಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ, 1929ರಲ್ಲಿ. 1967ರಲ್ಲಿ ಅವರು ದೆಹಲಿಯಲ್ಲಿ ಟಿವಿಯ ಒಂದು ಕ್ವಿಜ್ ನೋಡುತ್ತಿದ್ದರಂತೆ. ಗ್ರೀಕ್ ಪುರಾಣದ ಪ್ರಶ್ನೆಗೆ ಪಟಪಟ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿ ಯಾರು ಅನ್ನುವುದು ಗೊತ್ತಾಗಲಿಲ್ಲ. ಅಲ್ಲಿಂದ ಆ ಪುಸ್ತಕಗಳ ಯೋಚನೆ ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದರು. ಉತ್ತರ ಲಕ್ಷ್ಮೀಶನ ಕುದುರೆಯ ಹಣೆಯ ಮೇಲೇ ಇತ್ತು ನೋಡಿ!

ಆದರೆ ಒಂದು ಎಚ್ಚರ ಬೇಕು. ಅಚ್ಚಾದ ಮಹಾಭಾರತ, ರಾಮಾಯಣಗಳು ಹೇಳುವುದು ಸಾಮಾನ್ಯವಾಗಿ ವ್ಯಾಸ, ವಾಲ್ಮೀಕಿಯರ ಕಥೆ. ನಮ್ಮ ಕವಿಗಳದ್ದು ಬೇರೆ. ಪಂಪ 941ರ ಹೊತ್ತಿಗೆ ಬರೆದ ವಿಕ್ರಮಾರ್ಜುನ ವಿಜಯದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ನಾಗಚಂದ್ರನ ರಾಮಾಯಣ ಜೈನ ಪರಂಪರೆಯದು, ಅಲ್ಲಿ ರಾವಣನನ್ನು ಕೊಲ್ಲುವುದು ಲಕ್ಷ್ಮಣ. ಇವನ್ನು ಓದಿಸುವಾಗ ಬಣ್ಣದ ಪುಸ್ತಕವನ್ನು ಮುಂದಿಟ್ಟರೆ ಮಕ್ಕಳು ಪಂಪನೇ ತಪ್ಪು ಬರೆದಿದ್ದಾನೆ ಅಂತಾರೆ. ನನಗೆ ಹಾಗೆ ಹೇಳಿದ್ದಾರೆ ಕೂಡ. ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲೆಲ್ಲಿ ಬೇರೆ ಇದೆ ಅಂತ ಹುಡುಕಿಸಿದರೆ ಮಾತ್ರ ಲಾಭ.

ಇನ್ನೊಂದು ನನ್ನ ತಕರಾರು: ಹಳೆಯ ಚಿತ್ರಕಥೆಗಳಲ್ಲಿ ಒಳ್ಳೆಯವರೆಲ್ಲ ಬೆಳ್ಳಗೆ, ರಾಕ್ಷಸರೆಲ್ಲ ಕಪ್ಪಗೆ. ಕ್ಲಾಸಿನಲ್ಲಿ ಕಪ್ಪು ಬಣ್ಣದ ಮಕ್ಕಳೂ ಕೂತಿರುತ್ತಾರೆ ಅಲ್ವಾ? ಅದನ್ನು ಬಾಯಿಬಿಟ್ಟು ಕೇಳಿ, ಈ ಬಣ್ಣ ಪದ್ಯದಲ್ಲಿ ಎಲ್ಲಿದೆ ತೋರಿಸಿ ಅಂತ.

ಬಣ್ಣದ ಪುಸ್ತಕಕ್ಕೆ ದುಡ್ಡಿಲ್ಲ, ಪ್ರೊಜೆಕ್ಟರ್ ಕೆಟ್ಟಿದೆ. ಏನು ಮಾಡಲಿ?

ಪ್ರವಾಸಕ್ಕೆ ಹೇಗೂ ಹೋಗುತ್ತೀರಲ್ಲ. ಅಮೃತಾಪುರಕ್ಕೆ ಹೋಗಿ. ತರೀಕೆರೆಯ ಹತ್ತಿರ, 1196ರಲ್ಲಿ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕಟ್ಟಿದ ಅಮೃತೇಶ್ವರ ಗುಡಿ. ಹೊರಗಿನ ಗಿಡ್ಡ ಗೋಡೆಯ ಮೇಲೆ 140 ಶಿಲ್ಪದ ಚೌಕಗಳು, ಅದರಲ್ಲಿ 70 ರಾಮಾಯಣಕ್ಕೆ, 25 ಕೃಷ್ಣನ ಬದುಕಿಗೆ, 45 ಮಹಾಭಾರತಕ್ಕೆ. ನಡೆಯುತ್ತಾ ಓದುವ ಕಾಮಿಕ್ಸ್! ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತದೆ, ಉಳಿದವು ಪ್ರದಕ್ಷಿಣೆಯಾಗಿ, ಹಾಗಾಗಿ ಮೊದಲು ಯಾವ ಕಡೆಯಿಂದ ಓದಬೇಕು ಅಂತ ಮಕ್ಕಳೇ ಕಂಡುಹಿಡಿಯಲಿ. ಹಂಪಿಗೆ ಹೋಗುವವರು ಹಜಾರರಾಮ ಗುಡಿಯಲ್ಲಿ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಸೆಲ್ಫಿ ಆಮೇಲೆ.

ನನಗೆ ಚಿತ್ರ ಬರೆಯಲು ಬರುವುದಿಲ್ಲ.

ನನಗೂ ಬರುವುದಿಲ್ಲ. ನನ್ನ ಕುದುರೆ ನೋಡಿ ಮಕ್ಕಳು ಕತ್ತೆ ಅಂತಾರೆ. ಟೀಚರ್ ಚಿತ್ರ ಕೆಟ್ಟಷ್ಟೂ ಮಕ್ಕಳಿಗೆ ಧೈರ್ಯ.

ಪರೀಕ್ಷೆಗೆ ಉಪಯೋಗ ಆಗುತ್ತದಾ? ಅಪ್ಪ ಅಮ್ಮಂದಿರು ಕೇಳುವುದು ಅದೊಂದೇ.

ಸಂದರ್ಭ ಸ್ವಾರಸ್ಯದ ಪ್ರಶ್ನೆಗೆ ನೇರವಾಗಿ ಆಗುತ್ತದೆ. ಯಾರು, ಯಾರಿಗೆ, ಯಾವಾಗ ಹೇಳಿದರು ಅನ್ನುವುದು ಬಲೂನಿನ ಬಾಲದಲ್ಲೇ ಇದೆ. ಬಾಲ ತಪ್ಪು ಬಾಯಿಗೆ ಹೋದರೆ ಕ್ಲಾಸೇ ಕೂಗಿ ಹೇಳುತ್ತದೆ. ಕಂಠಪಾಠದ ಪದ್ಯಕ್ಕೂ ಆಗುತ್ತದೆ, ಚೌಕದ ಸಾಲು ನೆನಪಿದ್ದರೆ ಪದದ ಸಾಲೂ ಬರುತ್ತದೆ. ವ್ಯಾಕರಣಕ್ಕೆ ಅಷ್ಟೇನೂ ಆಗುವುದಿಲ್ಲ, ಛಂದಸ್ಸಿಗೆ ಏನೇನೂ ಇಲ್ಲ. ಗಣ ಹಾಕಲು ಗಣವನ್ನೇ ಹಾಕಬೇಕು.

ಅಂಕ ಕೊಡುವಾಗ ಚಿತ್ರದ ಅಂದಕ್ಕೆ ಸೊನ್ನೆ ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಡ್ರಾಯಿಂಗ್ ಚೆನ್ನಾಗಿ ಬರುವ ಇಬ್ಬರು ಮಾತ್ರ ಕೆಲಸ ಮಾಡುತ್ತಾರೆ, ಉಳಿದವರು ಅವರ ಪೆನ್ಸಿಲ್ ಕೆತ್ತಿಕೊಡುತ್ತಾರೆ.

ಚಿತ್ರವೇ ಕಾಣದ ಮಕ್ಕಳು ಇದ್ದರೆ?

ದೃಷ್ಟಿ ಇಲ್ಲದ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿದ್ದ. ಅವನಿಗಾಗಿ ಶುರು ಮಾಡಿದ್ದು ಎಲ್ಲರಿಗೂ ಒಳ್ಳೆಯದಾಯಿತು: ಗಮಕ. ಪದ್ಯವನ್ನು ರಾಗವಾಗಿ ಬಿಡಿಸಿ ಓದುವುದು. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ ಇದೇ ಕಲೆಗೆ 2022ರಲ್ಲಿ ಪದ್ಮಶ್ರೀ ಬಂದಿದೆ. ಗಮಕಿಗಳು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿ ಚೌಕ ಮುಗಿಯುತ್ತದೆ ಅಂತ ಆ ಹುಡುಗನೇ ಹೇಳಿದ್ದು. ಉಳಿದವರು ಬರೆದರು, ಎಲ್ಲಿ ಗೆರೆ ಎಳೆಯಬೇಕು ಅಂತ ಹೇಳಿದವನು ಅವನು.

ಹೊಸಗನ್ನಡದ ಕಥೆ, ಕವನಗಳನ್ನು ಚಿತ್ರಕಥೆ ಮಾಡಿ ಹಂಚಬಹುದಾ?

ಪಾಠದ ಭಾಗವಾಗಿ ಕ್ಲಾಸಿನೊಳಗೆ ಮಾಡುವುದಕ್ಕೆ ಕಾನೂನಿನಲ್ಲಿ ಜಾಗ ಇದೆ. ಪುಸ್ತಕ ಮಾಡಿ ಮಾರುವುದು, ಪಿಡಿಎಫ್ ಮಾಡಿ ಊರಿಗೆಲ್ಲ ಕಳಿಸುವುದು ಬೇರೆ ಮಾತು. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಅಂದರೆ 2041 ಮುಗಿಯುವವರೆಗೆ. ಕುವೆಂಪು 1994, ಹಾಗಾಗಿ 2054ರವರೆಗೆ. ಬಿ.ಎಂ.ಶ್ರೀ ಹೋದದ್ದು 1946ರಲ್ಲಿ, ಅವರದ್ದು ಈಗ ಎಲ್ಲರ ಸ್ವತ್ತು. ಪಂಪ, ರನ್ನರ ಬಗ್ಗೆ ಯಾರನ್ನೂ ಕೇಳಬೇಕಿಲ್ಲ, ಆದರೆ ಇತ್ತೀಚಿನ ಸಂಪಾದಕರ ಟೀಕೆ, ಗದ್ಯಾನುವಾದಗಳಿಗೆ ಹಕ್ಕು ಇರಬಹುದು, ಅದನ್ನು ನೋಡಿಕೊಳ್ಳಿ.

ಎಐ ಕೈಯಲ್ಲಿ ಚಿತ್ರ ಮಾಡಿಸಿದರೆ ಬೇಗ ಆಗುವುದಿಲ್ವಾ?

ಬೇಗ ಆಗುತ್ತದೆ. ಏನೂ ಕಲಿತಿರುವುದಿಲ್ಲ. ದುರ್ಯೋಧನ ಅಂದರೆ ಅದು ಸಾಮಾನ್ಯವಾಗಿ ಸೀರಿಯಲ್ಲಿನ ಕಿರೀಟ, ಹೊಳೆಯುವ ಎದೆಕವಚ ಕೊಡುತ್ತದೆ. ಒಂದು ಕೆಲಸಕ್ಕೆ ಮಾತ್ರ ನಾನು ಬಳಸಿದ್ದೇನೆ: ಅದು ಕೊಟ್ಟ ಚಿತ್ರ ಗೋಡೆಗೆ ಅಂಟಿಸಿ, ಪದ್ಯ ಕೈಯಲ್ಲಿ ಹಿಡಿದು ತಪ್ಪು ಹುಡುಕುವುದು. ರನ್ನ ಅವನನ್ನು ಉರಗಪತಾಕ ಅಂತಾನೆ, ಬಾವುಟದಲ್ಲಿ ಹಾವಿರಬೇಕು. ಚಿತ್ರದ ಬಾವುಟದಲ್ಲಿ ಸೂರ್ಯ ಇದ್ದ. ಮಕ್ಕಳು ಯಂತ್ರವನ್ನು ಬೈದ ಖುಷಿ ಕೇಳಬೇಡಿ.

ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ಮಾತು ಬರುತ್ತದೆ, ಓದು ನಿಧಾನ. ಅವರಿಗೆ?

ಷಟ್ಪದಿ ಬೇಡ, ಮುದ್ದಣನಿಂದ ಶುರು ಮಾಡಿ. ರಾಮಾಶ್ವಮೇಧದ ಮುದ್ದಣ ಮನೋರಮೆಯರ ಮಾತುಕತೆ. ಗಂಡ ಕಥೆ ಹೇಳಲು ಹೊರಟಿದ್ದಾನೆ, ಹೆಂಡತಿ ಸುಮ್ಮನೆ ಕೇಳುವವಳಲ್ಲ. ಪದ್ಯ ಬೇಡ, ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ ಅಂತ ಅಲ್ಲೇ ತೀರ್ಮಾನ ಆಗುತ್ತದೆ. ಬರೀ ಮಾತು, ಇಬ್ಬರೇ ಪಾತ್ರ, ಒಂದೇ ಮನೆ. ಎರಡು ಬೆಂಕಿಕಡ್ಡಿ ಮನುಷ್ಯರು, ತುಂಬ ಬಲೂನು, ಮುಗಿಯಿತು. ವಾರಾಂತ್ಯದ ಕನ್ನಡ ತರಗತಿಯಲ್ಲಿ ಕಲಿಸುವ ನನ್ನ ಗೆಳತಿ ಇಬ್ಬರು ಮಕ್ಕಳಿಂದ ಬಲೂನುಗಳನ್ನು ಓದಿಸುತ್ತಾಳೆ, ಅದು ತಾನಾಗಿ ನಾಟಕವಾಗುತ್ತದೆ.

ಚಿತ್ರಕ್ಕೆ ಸಿಗದ ಪದ್ಯವೂ ಇರುತ್ತದಲ್ಲ?

ಇರುತ್ತದೆ, ಮತ್ತೆ ನನಗೆ ಅವೇ ಹೆಚ್ಚು ಇಷ್ಟ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ಆ ಸದ್ದು ಕೇಳಿ ದುರ್ಯೋಧನ ‘ನೀರೊಳಗಿರ್ದುಂ ಬೆಮರ್ತನ್’. ನೀರಿನೊಳಗೆ ಇದ್ದೂ ಬೆವರಿದ.

ಬರೆಯಿರಿ ನೋಡೋಣ ಅಂದೆ. ನೀರಿನಲ್ಲಿ ಬೆವರು ಹೇಗೆ ಕಾಣಬೇಕು? ಒಬ್ಬಳು ಹನಿಗಳನ್ನು ಕೆಂಪು ಮಾಡಿದಳು, ರಕ್ತದ ಹಾಗೆ ಕಂಡಿತು. ಒಬ್ಬ ಬಾಣದ ಗುರುತು ಹಾಕಿ ‘ಇದು ಬೆವರು’ ಅಂತ ಬರೆದ, ಎಲ್ಲರೂ ನಕ್ಕರು. ಮತ್ತೊಬ್ಬ ಮುಖವನ್ನೇ ದೊಡ್ಡದು ಮಾಡಿ ಹೆದರಿದ ಕಣ್ಣು ಬರೆದ. ಹೆದರಿಕೆ ಬಂತು, ಬೆವರು ಬರಲಿಲ್ಲ. ಇಪ್ಪತ್ತು ನಿಮಿಷ ಆ ಒಂದು ಸಾಲಿನ ಜೊತೆ ಗುದ್ದಾಡಿದರು. ಹಿಂದಿನ ಬೆಂಚಿನ ಒಬ್ಬ, ವರ್ಷವಿಡೀ ಬಾಯಿ ಬಿಡದವನು, ಹಾಳೆ ಕೊಟ್ಟು ಹೋದ. ಚೌಕದ ತುಂಬ ನೀಲಿ ಬಣ್ಣ, ಒಳಗೆ ಮನುಷ್ಯನೇ ಇಲ್ಲ. ಕೆಳಗೆ ರನ್ನನ ಸಾಲನ್ನು ಒಂದೂ ತಪ್ಪಿಲ್ಲದೆ ಬರೆದಿದ್ದ.